ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಿಸಬೇಕೇ? ಉತ್ತರ ಪತ್ರಿಕೆಯಿಂದ ಶುರು ಮಾಡಿ

ಮೇ ತಿಂಗಳ ಮೊದಲ ವಾರ ನಮ್ಮ ಸ್ಟಾಫ್ ರೂಮಿಗೆ ಕಾಲಿಡುವವರೆಲ್ಲ ಕೇಳುವುದು ಒಂದೇ ಮಾತು: "ಈ ಸಲ ಎಷ್ಟು ಪರ್ಸೆಂಟ್ ಬಂತು ಮೇಷ್ಟ್ರೇ?" ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಕೇಳುತ್ತಾರೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಫೋನ್ ಬರುತ್ತದೆ, ಬಸ್ ನಿಲ್ದಾಣದ ಟೀ ಅಂಗಡಿಯವನೂ ಕೇಳುತ್ತಾನೆ. ಯಾವ ಮಗು ಯಾವ ಪ್ರಶ್ನೆಯಲ್ಲಿ ಸಿಕ್ಕಿಬಿತ್ತು ಎಂದು ಕೇಳಿದವರನ್ನು ನಾನು ಇಷ್ಟು ವರ್ಷಗಳಲ್ಲಿ ಬೆರಳಲ್ಲಿ ಎಣಿಸಬಹುದು. ಫಲಿತಾಂಶ ಸುಧಾರಿಸುವ ದಾರಿ ಶುರುವಾಗುವುದು ಆ ಎರಡನೇ ಪ್ರಶ್ನೆಯಿಂದ. ಬಯಲುಸೀಮೆಯ ಹೋಬಳಿ ಊರೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾ ತಪ್ಪಿ, ತಿದ್ದಿಕೊಂಡು ಕಂಡುಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರಿಗೆ, ಎಸ್‌ಡಿಎಂಸಿ ಸದಸ್ಯರಿಗೆ, ಓದಿದ ಶಾಲೆಗೆ ಏನಾದರೂ ಮಾಡಬೇಕು ಅನ್ನುವ ಹಳೆಯ ವಿದ್ಯಾರ್ಥಿಗಳಿಗೆ ಇದು ನೆರವಾದೀತು.

ಮೊದಲು ಶೇಕಡಾವಾರು ಲೆಕ್ಕದ ಮಾತು ಮುಗಿಸಿಬಿಡೋಣ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ವಿಶೇಷ ಕೃಪಾಂಕ ಕೊಟ್ಟ ಮೇಲೂ ಅದು ಶೇ 73.40ಕ್ಕೆ ಬಂದು ನಿಂತಿತು. 2025ರಲ್ಲಿ ಆ ಕೃಪಾಂಕವಿಲ್ಲದೆ ಶೇ 66.14. ಎರಡೇ ವರ್ಷದಲ್ಲಿ ನಮ್ಮ ಮಕ್ಕಳು ದಡ್ಡರಾಗಲಿಲ್ಲ, ನಾವು ಪಾಠ ಮಾಡುವುದನ್ನೂ ಬಿಡಲಿಲ್ಲ. ಮೊದಲೇ ಇದ್ದ ಕೊರತೆ ಕಣ್ಣಿಗೆ ಬಿತ್ತು, ಅಷ್ಟೆ. ಹಾಗಾಗಿ "ಹಿಂದೆ ನಮ್ಮ ಶಾಲೆ ನೂರಕ್ಕೆ ನೂರು ತೆಗೆದಿತ್ತು" ಎಂಬ ನೆನಪನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಒಂದನೇ ಹೆಜ್ಜೆ: ಅಂಕಗಳನ್ನು ಮಗುವಿನ ಹೆಸರಿನ ಮುಂದೆ ಬರೆಯಿರಿ

ಮುಖ್ಯ ಶಿಕ್ಷಕರ ಬಳಿ ಶಾಲೆಯ ಪೂರ್ತಿ ಫಲಿತಾಂಶ ಪಟ್ಟಿ ಇರುತ್ತದೆ. ಮೂರು ವರ್ಷದ್ದು ತೆಗೆದುಕೊಳ್ಳಿ. ದೊಡ್ಡ ಹಾಳೆಯಲ್ಲಿ ಒಂದು ಮಗುವಿಗೆ ಒಂದು ಸಾಲು ಹಾಕಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100, ಒಟ್ಟು 625. ಇದರಲ್ಲಿ ಆಂತರಿಕ ಅಂಕ (ಪ್ರಥಮ ಭಾಷೆಗೆ 25, ಉಳಿದವಕ್ಕೆ 20) ಮತ್ತು ಲಿಖಿತ ಅಂಕವನ್ನು ಬೇರೆ ಬೇರೆ ಮನೆಯಲ್ಲಿ ಬರೆಯಿರಿ. ಪಕ್ಕದಲ್ಲಿ ಒಂಬತ್ತನೇ ತರಗತಿಯ ಅಂಕ, ಹತ್ತರ ಹಾಜರಾತಿ.

ಈ ಹಾಳೆಯನ್ನು ಮೇಜಿನ ಮೇಲೆ ಹರಡಿ ಹತ್ತು ನಿಮಿಷ ಸುಮ್ಮನೆ ನೋಡಿ. ಮೂರು ಸಂಗತಿ ತಾವಾಗಿಯೇ ಎದ್ದು ಕಾಣುತ್ತವೆ.

ಒಂದೇ ಒಂದು ವಿಷಯದಲ್ಲಿ ಹೋದವರು ಎಷ್ಟು ಮಂದಿ ಎಂಬುದು ಮೊದಲನೆಯದು. 40 ಮಕ್ಕಳಲ್ಲಿ 14 ಮಂದಿ ಫೇಲ್, ಅವರಲ್ಲಿ 8 ಮಂದಿ ಗಣಿತವೊಂದರಲ್ಲೇ ಹೋಗಿದ್ದಾರೆ ಅಂದುಕೊಳ್ಳಿ. ಆಗ ಶಾಲೆಯ ತೊಂದರೆ "ಮಕ್ಕಳು ಓದಲ್ಲ" ಎಂಬುದಲ್ಲ. ಐದು ವಿಷಯ ಓದಿ ಪಾಸಾದ ಮಗು ಆರನೆಯದನ್ನು ಓದದೆ ಇರುತ್ತದೆಯೇ?

ಎರಡನೆಯದು ಆಂತರಿಕ ಅಂಕಕ್ಕೂ ಲಿಖಿತ ಅಂಕಕ್ಕೂ ಇರುವ ಅಂತರ. ಎಲ್ಲರಿಗೂ 20ಕ್ಕೆ 19, ಬರವಣಿಗೆಯಲ್ಲಿ 80ಕ್ಕೆ 21, 18, 24. ಇದನ್ನು ಬರೆಯುವಾಗ ನನಗೇ ಸಂಕೋಚವಾಗುತ್ತದೆ, ಏಕೆಂದರೆ ನಾನೂ ಹಾಗೆ ಅಂಕ ಹಾಕಿದವನು. ಪಾಪ, ಮಗುವಿಗೆ ಅನುಕೂಲವಾಗಲಿ ಎಂದೇ ಹಾಕಿದ್ದು. ಆದರೆ ವರ್ಷವಿಡೀ ನಾಲ್ಕು ಎಫ್‌ಎಗಳಲ್ಲಿ (ರೂಪಣಾತ್ಮಕ ಮೌಲ್ಯಮಾಪನ, ಶಾಲೆಯಲ್ಲೇ ನಡೆಸುವ ಕಿರುಪರೀಕ್ಷೆ) ತುಂಬಿ ತುಂಬಿ ಕೊಟ್ಟ ಅಂಕ ಮಗುವಿಗೂ ಮನೆಯವರಿಗೂ "ಎಲ್ಲಾ ಸರಿಯಾಗಿದೆ" ಎಂದು ಸುಳ್ಳು ಹೇಳಿಬಿಡುತ್ತದೆ. ಆ ಸುಳ್ಳು ಒಡೆಯುವುದು ಮೇ ತಿಂಗಳಲ್ಲಿ. ದಾಖಲೆಯ ಅಂಕ ಏನೇ ಇರಲಿ, ಮಗು ನಿಜವಾಗಿ ಗಳಿಸಿದ್ದೆಷ್ಟು ಎಂಬುದನ್ನು ನಿಮ್ಮ ಡೈರಿಯಲ್ಲಿ ಬೇರೆಯಾಗಿ ಬರೆದಿಡಿ.

ಮೂರನೆಯದು ಹುಡುಗರು, ಹುಡುಗಿಯರು. 2025ರಲ್ಲಿ ರಾಜ್ಯದಲ್ಲಿ ಹುಡುಗಿಯರು ಶೇ 74ರಷ್ಟು ಪಾಸಾದರು, ಹುಡುಗರು ಶೇ 58ರಷ್ಟು. ನಿಮ್ಮ ಹಾಳೆಯಲ್ಲೂ ಹೀಗೇ ಇದೆಯೇ ನೋಡಿ. ಇದ್ದರೆ ಐದನೇ ಹೆಜ್ಜೆ ನಿಮಗೆ ಬಹಳ ಮುಖ್ಯ.

ಚಿಕ್ಕ ಶಾಲೆಗಳವರಿಗೆ ಒಂದು ಮಾತು. ತರಗತಿಯಲ್ಲಿ 25 ಮಕ್ಕಳಿದ್ದರೆ ಒಂದು ಮಗು ಅಂದರೆ ಶೇ 4. ಕಳೆದ ವರ್ಷ 84, ಈ ವರ್ಷ 76 ಅಂದರೆ ಇಬ್ಬರು ಮಕ್ಕಳ ವ್ಯತ್ಯಾಸ. ಅದಕ್ಕೆ ಯಾರಿಗೂ ನೋಟಿಸು ಬೇಡ, ಹಾರವೂ ಬೇಡ. ಹೋಲಿಸಲೇಬೇಕಿದ್ದರೆ ನಿಮ್ಮದೇ ತಾಲ್ಲೂಕಿನ, ನಿಮ್ಮಂಥದೇ ಸರ್ಕಾರಿ ಶಾಲೆಯೊಂದಿಗೆ ಹೋಲಿಸಿ. 2025ರಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಈ ಎರಡು ಜಿಲ್ಲೆಗಳ ನಡುವಿನ ಕಂದಕವನ್ನು ಒಬ್ಬ ಮುಖ್ಯ ಶಿಕ್ಷಕರ ತಲೆಗೆ ಕಟ್ಟುವುದು ಅನ್ಯಾಯ.

ಎರಡನೇ ಹೆಜ್ಜೆ: ಉತ್ತರ ಪತ್ರಿಕೆ ಓದಿ

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಕೊಡಿ. ಬೋರ್ಡ್ ಪರೀಕ್ಷೆಯ ಉತ್ತರ ಪತ್ರಿಕೆಯ ನಕಲು ಪ್ರತಿಗೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಎಲ್ಲರಿಗೂ ಆಗದ ಮಾತು. ಆದರೆ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳು ಶಾಲೆಯ ಬೀರುವಿನಲ್ಲೇ ಇರುತ್ತವೆ. ಪಾಸಿನ ಗೆರೆಗೆ ಸ್ವಲ್ಪ ಕೆಳಗೆ ನಿಂತ ಹತ್ತು ಮಕ್ಕಳ ಪತ್ರಿಕೆ ಆರಿಸಿಕೊಳ್ಳಿ. ಅಂಕ ನೋಡಬೇಡಿ, ಕೈಬರಹ ಓದಿ.

ನಮ್ಮ ಹುಡುಗನೊಬ್ಬನ ಗಣಿತ ಪತ್ರಿಕೆ ನನಗೆ ಕಣ್ಣಿಗೆ ಕಟ್ಟಿದಂತಿದೆ. ಲೆಕ್ಕ ಇದು: x² − 3x − 10 = 0 ಸಮೀಕರಣವನ್ನು ಸೂತ್ರ ಬಳಸಿ ಬಿಡಿಸಿ. ಹುಡುಗ a = 1, b = −3, c = −10 ಎಂದು ನೀಟಾಗಿ ಬರೆದಿದ್ದ. ಸೂತ್ರವನ್ನು ಒಂದು ಚಿಹ್ನೆಯೂ ತಪ್ಪದಂತೆ ಬರೆದು ಸುತ್ತ ಡಬ್ಬಿ ಹಾಕಿದ್ದ. ಆಮೇಲೆ b² ಬರುವಲ್ಲಿ −9 ಎಂದು ಬರೆದ. −9ಕ್ಕೆ 40 ಕೂಡಿಸಿದ, 31 ಬಂತು, 31ರ ವರ್ಗಮೂಲ ತೆಗೆಯಲು ಹೋಗಿ ಅಲ್ಲಿಗೇ ನಿಂತ. ಕೆಳಗೆ ಅರ್ಧ ಪುಟ ಖಾಲಿ. −3ರ ವರ್ಗ 9 ಎಂದು ಬರೆದಿದ್ದರೆ 49, ಅದರ ಮೂಲ 7, ಉತ್ತರ 5 ಮತ್ತು −2.

ನಾನು ಆ ಮಗುವಿಗೆ ಮೂರು ತಿಂಗಳು ವರ್ಗ ಸಮೀಕರಣ ಹೇಳಿಕೊಟ್ಟಿದ್ದೆ. ಅವನಿಗೆ ವರ್ಗ ಸಮೀಕರಣ ಬರುತ್ತಿತ್ತು. ಬಾರದೇ ಇದ್ದದ್ದು ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸುವುದು, ಏಳನೇ ತರಗತಿಯ ಪೂರ್ಣಾಂಕಗಳ ಪಾಠ. ಅದನ್ನು ಹೇಳಿಕೊಡಲು ಬೇಕಾದದ್ದು ಮೂರು ದಿನ. ಆ ಮೂರು ದಿನ ಯಾರೂ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಇನ್ನೊಂದು ಪತ್ರಿಕೆ ವಿಜ್ಞಾನದ್ದು. ಮನೆಗಳಲ್ಲಿ ವಿದ್ಯುತ್ ಸಾಧನಗಳನ್ನು ಸಮಾಂತರವಾಗಿ ಜೋಡಿಸುತ್ತಾರೆ, ಏಕೆ? ಎಂಬ ಪ್ರಶ್ನೆಗೆ ಹುಡುಗಿ ಪ್ರಶ್ನೆಯನ್ನೇ ಎರಡು ಸಲ ನಕಲು ಮಾಡಿದ್ದಳು. ಕರೆದು ಕೂರಿಸಿ ಪ್ರಶ್ನೆ ಓದಿ ಹೇಳಿದೆ. ಕ್ಷಣವೂ ತಡೆಯಲಿಲ್ಲ: "ಒಂದ್ ಬಲ್ಬ್ ಸುಟ್ಟೋದ್ರೆ ಮನೆಯೆಲ್ಲಾ ಕತ್ತಲಾಗ್ಬಾರ್ದಲ್ಲ ಸಾರ್." ಉತ್ತರ ಗೊತ್ತಿದೆ. ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವುದು, ಬಾಯಲ್ಲಿ ಬಂದದ್ದನ್ನು ಎರಡು ಸಾಲು ಬರೆಯುವುದು ಗೊತ್ತಿಲ್ಲ. ಈ ಹುಡುಗಿಗೆ ಮತ್ತೊಮ್ಮೆ ವಿದ್ಯುಚ್ಛಕ್ತಿ ಪಾಠ ಮಾಡಿ ಏನು ಫಲ?

ಪತ್ರಿಕೆ ಓದುವಾಗ ಕಳೆದುಹೋದ ಪ್ರತಿ ಅಂಕದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಅಕ್ಷರ ಬರೆಯಿರಿ. ಮುಟ್ಟದೆ ಬಿಟ್ಟಿದ್ದರೆ 'ಬಿ'. ಪಾಠವೇ ಗೊತ್ತಿಲ್ಲದಿದ್ದರೆ 'ಪಾ'. ಗೊತ್ತಿದ್ದೂ ಹಿಂದಿನ ತರಗತಿಯ ಕಲಿಕೆ ಕೈಕೊಟ್ಟಿದ್ದರೆ 'ಹಿಂ'. ಗೊತ್ತಿದ್ದೂ ಬರೆಯಲಾಗದಿದ್ದರೆ 'ಬ'. ಹತ್ತು ಪತ್ರಿಕೆ ಮುಗಿಸಿ ಎಣಿಸಿ. ನಾನು ಮೊದಲ ಸಲ ಎಣಿಸಿದಾಗ 'ಪಾ' ಎಲ್ಲಕ್ಕಿಂತ ಹೆಚ್ಚಿರುತ್ತದೆ ಅಂದುಕೊಂಡಿದ್ದೆ. 'ಬಿ' ಮತ್ತು 'ಹಿಂ' ಸೇರಿದರೆ ಅದನ್ನು ಎಲ್ಲೋ ಹಿಂದೆ ಹಾಕಿದ್ದವು.

ಮೂರನೇ ಹೆಜ್ಜೆ: ಪ್ರಶ್ನೆ ಪತ್ರಿಕೆಯ ಮೈಕಟ್ಟು ಮಕ್ಕಳಿಗೂ ಗೊತ್ತಿರಲಿ

ಇತ್ತೀಚಿನ ವರ್ಷಗಳ ಗಣಿತ ಪತ್ರಿಕೆ ತೆಗೆದುಕೊಳ್ಳಿ: 38 ಪ್ರಶ್ನೆ, 80 ಅಂಕ. ಬಹು ಆಯ್ಕೆಯವು 8, ಒಂದು ಅಂಕದವು 8, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು 1. ಅಂದರೆ ಒಂದು ಮತ್ತು ಎರಡು ಅಂಕದ ಪ್ರಶ್ನೆಗಳೇ 32 ಅಂಕ. ಇದನ್ನು ಬೋರ್ಡಿನ ಮೇಲೆ ಮಕ್ಕಳ ಕೈಲೇ ಕೂಡಿಸಿ. "ನನ್ನ ಕೈಲಾಗಲ್ಲ" ಎಂದು ಕೂತ ಮಗುವಿನ ಮುಖ ಆ ಮೊತ್ತ ನೋಡಿದಾಗ ಬದಲಾಗುವುದನ್ನು ನಾನು ಪ್ರತಿ ವರ್ಷ ಕಾಣುತ್ತೇನೆ.

ಗಣಿತದಲ್ಲಿ ಹಂತಕ್ಕೂ ಅಂಕವಿದೆ. ಮೇಲೆ ಹೇಳಿದ ಹುಡುಗ ಸೂತ್ರ ಬರೆದದ್ದಕ್ಕೆ, ಬೆಲೆ ಆದೇಶಿಸಿದ್ದಕ್ಕೆ ಅಂಕ ಪಡೆಯುತ್ತಾನೆ. ಉತ್ತರ ಬರದಿದ್ದರೆ ಪೂರ್ತಿ ಹೊಡೆದುಹಾಕುವ ಅಭ್ಯಾಸ ಎಷ್ಟೋ ಮಕ್ಕಳಿಗಿದೆ. ಅದನ್ನು ಬಿಡಿಸಿದರೆ ಒಂದಿಷ್ಟು ಅಂಕ ಉಳಿಯುತ್ತದೆ.

ಪಾಸಿನ ಗೆರೆ 2025-26ರಿಂದ ಶೇ 35ರಿಂದ ಶೇ 33ಕ್ಕೆ ಇಳಿದಿದೆ, ಒಟ್ಟು 625ಕ್ಕೆ ಕನಿಷ್ಠ 206. ಪ್ರತಿ ವಿಷಯಕ್ಕೆ ಕನಿಷ್ಠ ಅಂಕದ ನಿಯಮ ಬೇರೆಯೇ ಇದೆ. ಮಂಡಳಿಯ ಆ ವರ್ಷದ ಸುತ್ತೋಲೆ ಮುದ್ರಿಸಿ ತರಗತಿ ಗೋಡೆಗೆ ಅಂಟಿಸಿ. ಹಿಂದಿನ ವರ್ಷದ ವಾಟ್ಸ್ಆ್ಯಪ್ ಸಂದೇಶ ನೆಚ್ಚಬೇಡಿ.

ಇಲ್ಲಿ ಪಾಸಿಂಗ್ ಪ್ಯಾಕೇಜ್ ವಿಷಯ ಬಂದೇ ಬರುತ್ತದೆ. ನಾಲ್ಕು ಅಂಕಕ್ಕೆ ನಕ್ಷೆ, ಪ್ರಮೇಯಗಳ ಸಾಧನೆ, ಚಿತ್ರ ಬರೆದು ಭಾಗ ಗುರುತಿಸುವುದು, ಪದ್ಯ ಬಾಯಿಪಾಠ ಎಂದು ಆಯ್ದು ಕೊಡುವ ಗಂಟು. ಜನವರಿಯಲ್ಲಿ ಕೊಡಿ, ನಾನೂ ಕೊಡುತ್ತೇನೆ, ಮುಳುಗುವವನಿಗೆ ಕೈಗೆ ಸಿಕ್ಕಿದ್ದು ಕೊಡಲೇಬೇಕು. ಜೂನ್‌ನಲ್ಲೇ ಒಂದು ಮಗುವಿಗೆ ಅದನ್ನು ಕೊಟ್ಟು "ನೀನು ಇಷ್ಟೇ ಓದು" ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹತ್ತು ತಿಂಗಳು ಮುಂದಿರುವಾಗಲೇ ಆ ಮಗುವಿನ ಮೇಲಿನ ಭರವಸೆ ಬಿಟ್ಟಂತಾಯಿತು, ಅದು ಮಗುವಿಗೆ ತಿಳಿಯದೇ ಇರುವುದಿಲ್ಲ. 2024ರಲ್ಲಿ ರಾಜ್ಯದಲ್ಲಿ 625ಕ್ಕೆ 625 ತೆಗೆದ ಒಬ್ಬಳೇ ವಿದ್ಯಾರ್ಥಿನಿ ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು, ಸರ್ಕಾರಿ ವ್ಯವಸ್ಥೆಯಲ್ಲೇ ಓದಿದವಳು. ಎಲ್ಲರೂ ಅಷ್ಟು ತೆಗೆಯಬೇಕೆಂದು ಹೇಳುತ್ತಿಲ್ಲ. ಗೆರೆಯನ್ನು ನಾವೇ ಎಳೆದುಬಿಡುವುದು ಬೇಡ.

ನಾಲ್ಕನೇ ಹೆಜ್ಜೆ: ಜೂನ್ ತಿಂಗಳ ಸೇತುಬಂಧ ನಿಜವಾಗಿ ಕಟ್ಟಿ

ಸೇತುಬಂಧ, ಅಂದರೆ ಹಿಂದಿನ ತರಗತಿಗಳ ಕಲಿಕೆಯ ಕೊರತೆ ತುಂಬುವ ವರ್ಷಾರಂಭದ ಕಾರ್ಯಕ್ರಮ, ಎಷ್ಟೋ ಕಡೆ ಕಡತದಲ್ಲಿ ಮುಗಿಯುತ್ತದೆ. ಒಂದೇ ಹಾಳೆಯ ಪರೀಕ್ಷೆ ಸಾಕು: ಪೂರ್ಣಾಂಕದ ನಾಲ್ಕು ಲೆಕ್ಕ, ಭಿನ್ನರಾಶಿಯ ಮೂರು, ಒಂದು ಸರಳ ಸಮೀಕರಣ, ಕನ್ನಡದ ಒಂದು ಪ್ಯಾರಾ ಓದಿ ಎರಡು ಪ್ರಶ್ನೆಗೆ ಉತ್ತರ, ಇಂಗ್ಲಿಷಿನ ಐದು ವಾಕ್ಯ ಗಟ್ಟಿಯಾಗಿ ಓದುವುದು. ಓದಿಸುವುದನ್ನು ಒಬ್ಬೊಬ್ಬರನ್ನೇ ಕರೆದು, ಬೇರೆಯವರ ಕಿವಿಗೆ ಬೀಳದಂತೆ ಮಾಡಿ. ಹದಿನೈದು ವರ್ಷದ ಹುಡುಗ ತಡವರಿಸುತ್ತಾ ಓದುವುದನ್ನು ತರಗತಿ ಕೇಳಿ ನಕ್ಕರೆ ಮರುದಿನದಿಂದ ಅವನು ಬರುವುದಿಲ್ಲ.

ಆಮೇಲೆ ಗುಂಪು ಮಾಡಿ. ಜಾಣರು, ಸಾಧಾರಣ, ನಿಧಾನ ಕಲಿಕೆಯವರು ಎಂದು ಬೇಡ. 'ಭಿನ್ನರಾಶಿ ಗುಂಪು', 'ಓದುವ ಗುಂಪು' ಎಂದು ಬೇಕಾದ ಕೆಲಸದ ಹೆಸರಿಡಿ. ಕಲಿತವರು ಗುಂಪಿನಿಂದ ಹೊರಬರುತ್ತಾರೆ, ಬೇರೆಯವರು ಸೇರುತ್ತಾರೆ. ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ, ಆಗಸ್ಟ್ ಕೊನೆಯವರೆಗೆ. ಪಠ್ಯ ಹಿಂದೆ ಬೀಳುತ್ತದೆ ಎಂಬ ಭಯ ಎಲ್ಲ ವಿಷಯ ಶಿಕ್ಷಕರಿಗೂ ಇರುತ್ತದೆ, ನನಗೂ ಇತ್ತು. ಸೆಪ್ಟೆಂಬರ್ ನಂತರ ಪಾಠ ಓಡುವ ವೇಗ ನೋಡಿದ ಮೇಲೆ ಆ ಭಯ ಹೋಯಿತು.

ವಿಶೇಷ ತರಗತಿಯನ್ನು ಸಂಜೆ ಇಡುವ ಮೊದಲು ಕೊನೆಯ ಬಸ್ಸಿನ ಸಮಯ ಕೇಳಿ. ಐದೂವರೆಯ ಬಸ್ ತಪ್ಪಿದರೆ ಹಳ್ಳಿಯ ಹೆಣ್ಣುಮಕ್ಕಳಿಗೆ ಮನೆ ಮುಟ್ಟುವ ದಾರಿಯಿಲ್ಲ. ನಾವು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಗೆ ಬದಲಾಯಿಸಿದೆವು, ಹಾಜರಾತಿ ಆಗ ಸರಿಹೋಯಿತು.

ಐದನೇ ಹೆಜ್ಜೆ: ಹಾಜರಿ ಪುಸ್ತಕ ಹಿಡಿದು ಮನೆಗೆ ಹೋಗಿ

ನಮ್ಮ ಕಡೆ ಶೇಂಗಾ ಕೀಳುವ ಕಾಲದಲ್ಲಿ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆಗಳ ಸಾಲು ಹತ್ತುತ್ತದೆ. ರಾಗಿ ಕೊಯ್ಲು ಮುಗಿಯುವವರೆಗೆ ಹೀಗೇ. ಆ ಹೊತ್ತಿಗೆ ತರಗತಿಯಲ್ಲಿ ನಡೆಯುವ ಪಾಠವೇ ಆ ಮಕ್ಕಳ ಪತ್ರಿಕೆಯಲ್ಲಿ ಖಾಲಿ ಜಾಗವಾಗಿ ಕಾಣುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಒಂದು ಮನೆಗೆ ಹೋಗಿದ್ದೆ. ಅಂಗಳದ ತುಂಬ ಬಳ್ಳಿ ಹರಡಿತ್ತು. ತಾಯಿ ಕಾಯಿ ಬಿಡಿಸುತ್ತಲೇ ಹೇಳಿದರು: "ಆಳು ಸಿಗಲ್ಲ ಮೇಷ್ಟ್ರೇ. ಇವನೂ ಬರ್ದಿದ್ರೆ ಮಳೆಗೆ ಕಾಯೆಲ್ಲಾ ಹೊಲದಾಗೇ ಮೊಳಕೆ ಒಡೀತಾವೆ." ಅವರಿಗೆ ವಿದ್ಯೆಯ ಮಹತ್ವದ ಭಾಷಣ ಮಾಡಲು ನನಗೆ ಬಾಯಿ ಬರಲಿಲ್ಲ. "ಮಧ್ಯಾಹ್ನದ ತನಕ ಕಳಿಸಿಕೊಡಮ್ಮ, ಊಟ ಆದ ಮೇಲೆ ನಾನೇ ಕಳಿಸ್ತೀನಿ" ಅಂದೆ. ಒಪ್ಪಿದರು. ಗಣಿತ, ಇಂಗ್ಲಿಷ್, ವಿಜ್ಞಾನವನ್ನು ಆ ಮೂರು ವಾರ ಬೆಳಗಿನ ಪೀರಿಯಡ್‌ಗಳಿಗೆ ತಂದೆವು. ವೇಳಾಪಟ್ಟಿ ಬದಲಿಸಲು ಮುಖ್ಯ ಶಿಕ್ಷಕರ ಒಂದು ಸಹಿ ಸಾಕು.

ಮನೆ ಭೇಟಿಗೆ ಇಬ್ಬರು ಹೋಗಿ, ದೂರು ಒಯ್ಯಬೇಡಿ. ಮಗು ಚೆನ್ನಾಗಿ ಮಾಡಿದ ಒಂದು ಲೆಕ್ಕದ ಹಾಳೆ ಕೈಯಲ್ಲಿರಲಿ. ಶಾಲೆಯಿಂದ ಮೇಷ್ಟ್ರು ಬಂದರು ಅಂದರೆ ಮಗ ಏನೋ ತಪ್ಪು ಮಾಡಿದ್ದಾನೆ ಎಂದೇ ಮನೆಯವರು ತಿಳಿಯುತ್ತಾರೆ. ಮೊದಲು ಆ ಹಾಳೆ ತೋರಿಸಿ.

ಆರನೇ ಹೆಜ್ಜೆ: ಎಸ್‌ಡಿಎಂಸಿ ಏನು ಕೇಳಬೇಕು

ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರ ಹುದ್ದೆ ಖಾಲಿ ಇಟ್ಟುಕೊಂಡು ಗಣಿತದ ಫಲಿತಾಂಶ ಕೇಳುವುದರಲ್ಲಿ ಅರ್ಥವಿಲ್ಲ. ಮೊದಲ ಸಭೆಯಲ್ಲೇ ಖಾಲಿ ಹುದ್ದೆಗಳನ್ನು ನಡಾವಳಿಯಲ್ಲಿ ಬರೆಸಿ, ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅತಿಥಿ ಶಿಕ್ಷಕರು ಜೂನ್‌ನಲ್ಲೇ ಬರಲಿ ಎಂದು ಕೇಳಿ. ಅದೂ ಆಗದಿದ್ದರೆ ಪಕ್ಕದ ಶಾಲೆಯ ವಿಷಯ ಶಿಕ್ಷಕರನ್ನು ವಾರಕ್ಕೆ ಎರಡು ದಿನ ನಿಯೋಜಿಸಲು ಕೇಳಿ.

ಹಳೆಯ ವಿದ್ಯಾರ್ಥಿಗಳು ಸನ್ಮಾನಕ್ಕೆ, ಶಾಲು ಹಾರಕ್ಕೆ ಖರ್ಚು ಮಾಡುವ ಹಣದಲ್ಲಿ ಓದುವ ಗುಂಪಿಗೆ ಬೆಳಗಿನ ಉಪಾಹಾರ ಕೊಡಿಸಬಹುದು. ಹೊಟ್ಟೆ ತುಂಬಿದ ಮಗು ಎಂಟು ಗಂಟೆಗೆ ಬಂದು ಕೂರುತ್ತದೆ.

ಒಂದು ಕೆಲಸವನ್ನು ಮಾತ್ರ ಎಸ್‌ಡಿಎಂಸಿ ಯಾವ ಕಾರಣಕ್ಕೂ ಒಪ್ಪಬಾರದು. ಫಲಿತಾಂಶ ಕೆಡುತ್ತದೆಂದು ಒಂಬತ್ತರಲ್ಲೇ ಮಗುವನ್ನು ತಡೆಯುವುದು, ಟಿಸಿ ಕೊಟ್ಟು ಸಾಗಹಾಕುವುದು, ಖಾಸಗಿಯಾಗಿ ಪರೀಕ್ಷೆ ಕಟ್ಟಿಸುವುದು. ಶೇಕಡಾ ಹತ್ತು ಏರಬಹುದು. ಆ ಮಗುವಿಗೆ ಇದ್ದದ್ದು ಈ ಒಂದೇ ಶಾಲೆ.

ಏಳನೇ ಹೆಜ್ಜೆ: ಪೂರ್ವಸಿದ್ಧತಾ ಪರೀಕ್ಷೆಯನ್ನು ಪರೀಕ್ಷೆಯಂತೆ ನಡೆಸಿ

ಓದಿಕೊಳ್ಳಲು 15 ನಿಮಿಷ, ಬರೆಯಲು 3 ಗಂಟೆ. ಬೆಂಚಿಗೆ ಒಬ್ಬರು, ಪಿಸುಮಾತಿಲ್ಲ, ನಡುವೆ ಸುಳಿವು ಕೊಡುವುದಿಲ್ಲ. ಕ್ಯಾಮೆರಾ ಮುಂದೆ ಮೂರು ಗಂಟೆ ಒಂಟಿಯಾಗಿ ಕೂರುವ ಅನುಭವ ಮಗುವಿಗೆ ಬೋರ್ಡ್ ಪರೀಕ್ಷೆಯ ದಿನವೇ ಮೊದಲ ಸಲ ಆಗಬಾರದು. ಆ 15 ನಿಮಿಷದಲ್ಲಿ ಏನು ಮಾಡಬೇಕೆಂದು ಕಲಿಸಿ: ಬರುವ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಗುರುತಿಸಿ, ಅವುಗಳಿಂದ ಶುರು ಮಾಡುವುದು. ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕುವುದು. ತಿದ್ದಿದ ಪತ್ರಿಕೆ ಮೂರು ದಿನದೊಳಗೆ ಮಗುವಿನ ಕೈಗೆ ಬರಬೇಕು, ಬಿಟ್ಟ ಪ್ರಶ್ನೆಗಳನ್ನು ಮಗು ಅದೇ ಹಾಳೆಯ ಹಿಂದೆ ಬರೆದು ತೋರಿಸಬೇಕು.

ಫಲಿತಾಂಶದ ಮರುದಿನ

2023-24ರಲ್ಲಿ ಪೂರಕ ಪರೀಕ್ಷೆಯ ಬದಲು ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮೂರು ಅವಕಾಶ ಬಂದವು. 2025ರಲ್ಲಿ ಮೇ 2ಕ್ಕೆ ಫಲಿತಾಂಶ ಬಂತು, ಮೇ 26ಕ್ಕೆ ಪರೀಕ್ಷೆ-2 ಶುರುವಾಯಿತು. ನಡುವೆ ಇದ್ದದ್ದು ಮೂರು ವಾರ ಚಿಲ್ಲರೆ, ಅದೂ ಬೇಸಿಗೆ ರಜೆ. ಫೇಲಾದ ಮಗು ಶಾಲೆಯತ್ತ ಮುಖ ಹಾಕುವುದಿಲ್ಲ, ನಾಚಿಕೆ. ಹೆಣ್ಣುಮಗುವಾದರೆ ಮನೆಯಲ್ಲಿ ಬೇರೆ ಮಾತು ಶುರುವಾಗಿರುತ್ತದೆ.

ಆದ್ದರಿಂದ ಫಲಿತಾಂಶ ಬಂದ ದಿನವೇ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿ. ಮೊದಲ ಫೋನ್ ಪಾಸಾಗದವರಿಗೆ. ಒಂದೆರಡು ಅಂಕದಲ್ಲಿ ಹೋದವರಿದ್ದರೆ ಉತ್ತರ ಪತ್ರಿಕೆಯ ನಕಲಿಗೆ, ಬೇಕಿದ್ದರೆ ಮರು ಮೌಲ್ಯಮಾಪನಕ್ಕೆ ಅರ್ಜಿ ಹಾಕಿಸಿ. ಕೊನೆಯ ದಿನಾಂಕ ಬೇಗ ಬರುತ್ತದೆ. ಪರೀಕ್ಷೆ-2ರ ನೋಂದಣಿಯನ್ನು ಮಗು ಬರಲಿ ಎಂದು ಕಾಯದೆ ಶಾಲೆಯಿಂದಲೇ ಮುಗಿಸಿ. ಹಿಂದಿನ ಹಾಳೆಯಲ್ಲಿ ಮಗು ಎಡವಿದ್ದು ಎಲ್ಲಿ ಎಂದು ನಿಮಗೆ ಈಗಾಗಲೇ ಗೊತ್ತು, ಹದಿನೈದು ದಿನ ಅದನ್ನಷ್ಟೇ ಹೇಳಿಕೊಡಿ.

ವರ್ಗ ಸಮೀಕರಣದ ಆ ಹುಡುಗ ಬೋರ್ಡ್ ಪರೀಕ್ಷೆಯಲ್ಲೂ ಗಣಿತದಲ್ಲಿ ಹೋದ. ಫೋನ್ ಮಾಡುವಷ್ಟರಲ್ಲಿ ಬೆಂಗಳೂರಿನ ಬೇಕರಿಯೊಂದಕ್ಕೆ ಕೆಲಸಕ್ಕೆ ಸೇರಿಯಾಗಿತ್ತು. ಅವನ ಮಾವನ ನಂಬರ್ ಹುಡುಕಿ ಹುಡುಗನನ್ನು ಮಾತಾಡಿಸಿದೆ. "ಹತ್ತು ದಿನ ರಜೆ ಕೇಳು, ಉಳಿಯೋದಕ್ಕೆ ನಮ್ಮನೇಲಿ ಜಾಗ ಇದೆ" ಅಂದೆ. ಸೋಮವಾರ ಬೆಳಿಗ್ಗೆ ಬ್ಯಾಗ್ ಸಮೇತ ಬಂದ. ಮೊದಲ ದಿನ ನಾವು ಪೂರ್ಣಾಂಕದ ಗುಣಾಕಾರವನ್ನೇ ಮಾಡಿದೆವು.